ಮೊಬೈಲಿನ ಮುಖಕ್ಕೆ ನಾಲ್ಕು ಸಾಲಿನ ಆಜ್ಞೆ



ನಮ್ಮ ಗಡಿಭಾಗದ ಮನೆಗಳಲ್ಲಿ ಒಂದೇ ಫೋನನ್ನು ಮೂರು ನಾಲ್ಕು ಮಂದಿ ಬಳಸುವುದುಂಟು. ಮಗಳು ಶಾಲೆಯಲ್ಲಿ ಕಲಿತದ್ದು ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ ಆಗಿರಬಹುದು. ಅಜ್ಜಿಗೆ ಓದಲು ಬರುವುದು ಕನ್ನಡ ಮಾತ್ರ. ಫೋನನ್ನು ಯಾರ ಭಾಷೆಗೆ ಇಡೋಣ? ಅಜ್ಜಿ ಚಿತ್ರ ನೋಡಿ ಊಹೆಯಿಂದಲೇ ಒತ್ತಬೇಕೆ?

ಬೇಕಾಗಿಲ್ಲ. ಫೋನು ತೆರೆದೊಡನೆ ಕಾಣುವ ಪರದೆಗೆ ಹೋಮ್ ಸ್ಕ್ರೀನ್ ಎನ್ನುತ್ತಾರಷ್ಟೆ. ಅದನ್ನು ತೋರಿಸುವುದು ಲಾಂಚರ್ ಎಂಬ ಒಂದು ಆ್ಯಪ್. ಆಂಡ್ರಾಯ್ಡ್ ಫೋನುಗಳಲ್ಲಿ ಬೇರೆ ಲಾಂಚರ್ ಹಾಕಿಕೊಳ್ಳಬಹುದು. ಅಂಗಡಿಯ ಬೋರ್ಡು ಬದಲಿಸಿದರೆ ಒಳಗಿನ ಅಕ್ಕಿ ಬೇಳೆ ಎಲ್ಲಿಗೂ ಹೋಗದು. ಹಾಗೆಯೇ ನಿಮ್ಮ ಫೋಟೋಗಳೂ ಫೋನ್ ನಂಬರುಗಳೂ ಇದ್ದಲ್ಲೇ ಇರುತ್ತವೆ.

ಕೆಲವು ಲಾಂಚರುಗಳು ನಾವು ಬರೆದ ಆಜ್ಞೆಗಳನ್ನೂ ಪಾಲಿಸುತ್ತವೆ. ಈ ಆಜ್ಞೆಗಳ ಗುಂಪೇ ಸ್ಕ್ರಿಪ್ಟ್. ಪಿಯೆರ್ ಎಬೆರ್ ಅವರು ರೂಪಿಸಿದ ಲೈಟ್ನಿಂಗ್ ಲಾಂಚರ್ ಇದಕ್ಕೆ ಹೆಸರಾದದ್ದು. ಮುಂದೆ ಅದರ ಮೂಲ ಸಂಕೇತವನ್ನೂ ಎಲ್ಲರಿಗೂ ತೆರೆದಿಡಲಾಯಿತು. ಅದರ ಸ್ಕ್ರಿಪ್ಟಿನ ಭಾಷೆ ಜಾವಾಸ್ಕ್ರಿಪ್ಟ್. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ವೆಬ್ ಪುಟಗಳಿಗಾಗಿ ಮಾಡಿದ ಭಾಷೆ ಅದು.

ನಮ್ಮ ಅಜ್ಜಿಯ ಉದಾಹರಣೆಗೇ ಬರೋಣ. ಪರದೆಯ ಮೂಲೆಯಲ್ಲಿ 'ಭಾಷೆ' ಎಂಬ ಒಂದು ಗುಂಡಿ ಇಡಿ. ಅದನ್ನು ಮುಟ್ಟಿದಾಗ ಸ್ಕ್ರಿಪ್ಟ್ ಓಡಬೇಕೆಂದು ಗೊತ್ತುಮಾಡಿ. ಸ್ಕ್ರಿಪ್ಟ್ ಹೇಳುವುದಿಷ್ಟು: ಫೋನ್ ಚಿತ್ರದ ಕೆಳಗಿನ ಬರಹ ಮಲಯಾಳದಲ್ಲಿದ್ದರೆ 'ಕರೆ' ಎಂದು ಬದಲಿಸು, ಇಲ್ಲವಾದರೆ ಮಲಯಾಳಕ್ಕೆ ತಿರುಗಿಸು. ಕ್ಯಾಮೆರಾ, ಗಡಿಯಾರ, ಲೆಕ್ಕದ ಯಂತ್ರಗಳಿಗೂ ಇದೇ ಕ್ರಮ. 'ಆದರೆ', 'ಇಲ್ಲವಾದರೆ' ಎಂಬ ಆಜ್ಞಾಪದಗಳು ಇಂಗ್ಲಿಷಿನಲ್ಲಿರಬೇಕು; ಆದರೆ ಉದ್ಧರಣ ಚಿಹ್ನೆಯ ಒಳಗೆ ಕನ್ನಡವನ್ನು ನೇರವಾಗಿ ಬರೆಯಬಹುದು. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ಅಕ್ಷರಗಳಿಗೆ 1991ರಲ್ಲೇ ತಮ್ಮದೇ ಸ್ಥಾನ ಸಿಕ್ಕಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಒಂದು ಸೂಕ್ಷ್ಮವಿದೆ. ಪ್ರತಿ ಚಿತ್ರಕ್ಕೂ ಎರಡು ಹೆಸರು ಇರಬಹುದು: ಕಣ್ಣಿಗೆ ಕಾಣುವ ಬರಹ ಒಂದು, ಸ್ಕ್ರಿಪ್ಟ್ ಹುಡುಕುವ ಒಳಹೆಸರು ಇನ್ನೊಂದು. ಕಾಣುವ ಬರಹವನ್ನೇ ಹಿಡಿದು ಹುಡುಕಿದರೆ ಒಮ್ಮೆ ಕನ್ನಡವಾದ ಮೇಲೆ ಎರಡನೆಯ ಸಲ ಅದು ಸಿಕ್ಕದು. ಮನೆಯಲ್ಲಿ ಪುಟ್ಟಿ, ಹಾಜರಿ ಪುಸ್ತಕದಲ್ಲಿ ಸರಸ್ವತಿ ಇದ್ದಂತೆ! ಆದ್ದರಿಂದ ಒಳಹೆಸರನ್ನು ಒಮ್ಮೆ ಇಟ್ಟು ಹಾಗೇ ಬಿಡಿ.

ಸಮಯ ನೋಡಿಯೂ ಪರದೆ ಬದಲಿಸಬಹುದು. ಸಂಜೆ ಆರರ ನಂತರ ಟಾರ್ಚ್ ಚಿತ್ರ ಕಾಣಲಿ ಎನ್ನಬಹುದು. ಗಂಟೆಗಳನ್ನು ಈ ಭಾಷೆ 0ಯಿಂದ 23ರವರೆಗೆ ಎಣಿಸುತ್ತದೆ, ಭಾನುವಾರವನ್ನು 0 ಎನ್ನುತ್ತದೆ. ತಿಂಗಳಲ್ಲಿಯೂ ಹಾಗೆಯೇ: ಜನವರಿ 0, ಡಿಸೆಂಬರ್ 11. ಕಲಿಯುವವರನ್ನು ಇದು ಚೆನ್ನಾಗಿಯೇ ಕಾಡುತ್ತದೆ. ಪ್ರತಿ ಕ್ಷಣವೂ ಗಡಿಯಾರ ನೋಡುತ್ತಿರು ಎಂದು ಬರೆದರೆ ಬ್ಯಾಟರಿ ಬೇಗ ಖಾಲಿ. ಹೋಮ್ ಸ್ಕ್ರೀನಿಗೆ ಮರಳಿದಾಗಲೊಮ್ಮೆ ನೋಡಿದರೆ ಸಾಕು.

ಬದಲಾಗುವುದು ಪರದೆಯ ಬರಹ ಮಾತ್ರ ಎಂಬುದು ನೆನಪಿರಲಿ. ಆ್ಯಪ್ ತೆರೆದ ಮೇಲೆ ಒಳಗಿನ ಭಾಷೆ ಮೊದಲಿನದೇ.

ಬೇರೆಯವರು ಕಳುಹಿಸಿದ ಸ್ಕ್ರಿಪ್ಟನ್ನು ಓದಿ ತಿಳಿಯದೆ ಹಾಕಿಕೊಳ್ಳಬೇಡಿ. ಲಾಂಚರಿಗೆ ನೀವು ಕೊಟ್ಟ ಅನುಮತಿಗಳೆಲ್ಲ ಅದಕ್ಕೂ ಸಿಕ್ಕಬಹುದು. ಬ್ಯಾಂಕಿನ ವ್ಯವಹಾರ ನಡೆಯುವ ಫೋನಾದರೆ ಇನ್ನೂ ಎಚ್ಚರ ಬೇಕು. ಆರಂಭಿಸುವ ಮುನ್ನ ಲಾಂಚರಿನಲ್ಲೇ ಇರುವ ಬ್ಯಾಕಪ್ ಮಾಡಿಕೊಳ್ಳಿ. ಏನಾದರೂ ಕೆಟ್ಟರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹೋಮ್ ಆ್ಯಪ್ ಎಂಬಲ್ಲಿಗೆ ಹೋಗಿ ಹಳೆಯ ಲಾಂಚರನ್ನು ಆರಿಸಿದರೆ, ಮೊದಲಿನ ಪರದೆ ಬರುತ್ತದೆ.