ಫೊರೆನ್ಸಿಕ್ ಓದು ಎಂದರೆ ಹೆಣ ಕೊಯ್ಯುವುದಲ್ಲ

"ಉಸ್ತಾದ್, ಮಗಳಿಗೆ ಫೊರೆನ್ಸಿಕ್‌ನಲ್ಲಿ ಪಿಎಚ್‌ಡಿ ಮಾಡ್ಬೇಕಂತೆ. ಹೆಣ ಕೊಯ್ಯುವ ಕೆಲಸ ನಮ್ಮ ಮಕ್ಕಳಿಗೆ ಯಾಕೆ? ನೀವೇ ಸ್ವಲ್ಪ ಬುದ್ಧಿ ಹೇಳಿ."

ಶಿವಾಜಿನಗರದಲ್ಲಿ ಮದ್ರಸ ಬಿಡುವ ಹೊತ್ತಿಗೆ ಮಗನನ್ನು ಕರ್ಕೊಂಡು ಹೋಗಲು ಬಂದ ತಾಯಿಯೊಬ್ಬರು ಹೀಗೆಂದರು. ಊರು ಉಳ್ಳಾಲ, ಮನೆ ಹಲಸೂರು. ಮಗಳು ಬಿಎಸ್ಸಿ ಕೊನೆಯ ವರ್ಷ. ಬುದ್ಧಿ ಹೇಳುವ ಮೊದಲು ನಾವೇ ತಿಳಿದುಕೊಳ್ಳೋಣ ಎಂದು ಒಂದು ವಾರ ಕೇಳಿಕೊಂಡೆವು. ತಿಳಿದದ್ದು ಇಷ್ಟು.

ಮರಣೋತ್ತರ ಪರೀಕ್ಷೆ ನಡೆಯುವುದು ಬೌರಿಂಗ್‌ನಂತಹ ಆಸ್ಪತ್ರೆಗಳಲ್ಲಿ. ಅದು ಎಂಬಿಬಿಎಸ್ ಓದಿದ ಡಾಕ್ಟರ ಕೆಲಸ. ಈ ಹುಡುಗಿ ಹೇಳುವ ವಿಧಿವಿಜ್ಞಾನ ಬೇರೆ. ರಕ್ತದ ಕಲೆ, ಬೆರಳಚ್ಚು, ವಿಷ, ನಕಲಿ ಸಹಿ, ಮೊಬೈಲ್ ದಾಖಲೆ ಇವುಗಳನ್ನು ಲ್ಯಾಬಿನಲ್ಲಿ ಪರೀಕ್ಷಿಸಿ ಕೋರ್ಟಿಗೆ ವರದಿ ಕೊಡುವುದು. ರಾಜ್ಯದ ಪ್ರಯೋಗಾಲಯ ಇಲ್ಲೇ ಮಡಿವಾಳದಲ್ಲಿ ಉಂಟು.

ಹಾಗಾದರೆ ಸಂಶೋಧನೆ ಯಾಕೆ? 1890ರ ದಶಕದಲ್ಲಿ ಕಲ್ಕತ್ತದಲ್ಲಿ ಖಾಜಿ ಅಝೀಝುಲ್ ಹಕ್ ಎಂಬ ಗಣಿತದ ಯುವಕ ಪೊಲೀಸ್ ಇಲಾಖೆಗೆ ಸೇರಿದರು. ರಾಶಿ ರಾಶಿ ಬೆರಳಚ್ಚು ಚೀಟಿಗಳಲ್ಲಿ ಬೇಕಾದ ಒಂದನ್ನು ಹುಡುಕುವುದು ಹೇಗೆ ಎಂಬುದೇ ಆಗ ಸಮಸ್ಯೆ. ಹಕ್ ಅವುಗಳನ್ನು 1,024 ಗೂಡುಗಳಲ್ಲಿ ವಿಂಗಡಿಸುವ ಲೆಕ್ಕ ಕಂಡುಹಿಡಿದರು. ಜಗತ್ತು ಆ ವಿಧಾನವನ್ನು ಮೇಲಧಿಕಾರಿ ಹೆನ್ರಿಯ ಹೆಸರಿನಲ್ಲಿ ಕರೆಯಿತು. ಆದರೂ ಕೆಲಸ ಉಳಿಯಿತು.

ನಮ್ಮವರಿಗೆ ಇದು ದೂರದ ಮಾತಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಉರಿದು 158 ಜನ ತೀರಿಕೊಂಡರು. ಗುರುತು ಸಿಗದ ದೇಹಗಳಿಗೆ ಹೈದರಾಬಾದಿನ ಲ್ಯಾಬಿನಲ್ಲಿ ಡಿಎನ್‌ಎ ಪರೀಕ್ಷೆ ಆಯಿತು. ಕೆಲವು ಮನೆಗಳಿಗೆ ಮಯ್ಯಿತ್ ಸಿಕ್ಕಿತು. ಹನ್ನೆರಡು ದೇಹಗಳು ಹೆಸರಿಲ್ಲದೆಯೇ ಮಣ್ಣಾದವು. ಸುಟ್ಟ ಎಲುಬಿನಿಂದ ಡಿಎನ್‌ಎ ತೆಗೆಯುವುದು ಹೇಗೆ? ಒಂದು ಪಿಎಚ್‌ಡಿ ಹುಡುಕುವುದು ಇಂತಹ ಪ್ರಶ್ನೆಗೇ ಉತ್ತರ.

ಇನ್ನು ದಾರಿ. ಬಿಎಸ್ಸಿ ನಂತರ ಎಂಎಸ್ಸಿ. ಅದರಲ್ಲಿ ಶೇ. 55 ಅಂಕದೊಂದಿಗೆ ಯುಜಿಸಿ ನೆಟ್ ಬರೆಯಬಹುದು. ವಿಧಿವಿಜ್ಞಾನವೇ ಅಲ್ಲಿ ಒಂದು ವಿಷಯ. ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ ಬೇಕು. ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ 2022-23ರಿಂದ ನಿಂತುಹೋಗಿದೆ. ಹಾಗಾಗಿ ನೆಟ್‌ನಲ್ಲಿ ಜೆಆರ್‌ಎಫ್ ಗಿಟ್ಟಿಸುವುದೇ ಮುಖ್ಯ. 2023ರಲ್ಲಿ ಅದು ತಿಂಗಳಿಗೆ 37,000 ರೂಪಾಯಿಗೆ ಏರಿತು. 2020ರಲ್ಲಿ ಆದ ರಾಷ್ಟ್ರೀಯ ವಿಧಿವಿಜ್ಞಾನ ವಿವಿಯ ಕ್ಯಾಂಪಸ್ ಧಾರವಾಡದಲ್ಲೂ ಉಂಟು. ಎಲ್ಲಿ ಸೇರುವುದಾದರೂ ಮೊದಲು ಮಾರ್ಗದರ್ಶಕರು ಯಾರು, ಲ್ಯಾಬಿನಲ್ಲಿ ಏನೇನುಂಟು ಎಂದು ಹೋಗಿ ನೋಡಬೇಕು. ಬಣ್ಣದ ಜಾಹೀರಾತು ನೋಡಿ ಫೀಸ್ ಕಟ್ಟಬಾರದು.

ಕೆಲಸವೂ ಹೆಚ್ಚಬಹುದು. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಸಮಯ.

ಮರುವಾರ ಆ ತಾಯಿಗೆ ಇದನ್ನೆಲ್ಲ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ವಿಮಾನದಲ್ಲಿ ನಮ್ಮ ನೆರೆಮನೆಯವರೂ ಇದ್ರು ಉಸ್ತಾದ್" ಎಂದರು. ಮತ್ತೆ ಕೇಳಿದರು: "ಆ ನೆಟ್‌ಗೆ ಅರ್ಜಿ ಯಾವಾಗ?"