ಹಗಲು ಕೋಟೆ, ಇರುಳು ಬೇಟೆ

ಬೆಳ್ಳಿಯ ಕಂಬವೊಂದು ನೀರಿನಲ್ಲಿ ಗರಗರನೆ ತಿರುಗುತ್ತಿದೆ. ಹತ್ತಿರ ಹೋಗಿ ನೋಡಿದರೆ ಅದು ಕಂಬವಲ್ಲ, ನೂರಾರು ಬರಕುಡ ಮೀನುಗಳ ಹಿಂಡು!

ಮಲೇಷ್ಯಾದ ಸಬಾ ರಾಜ್ಯದ ತೀರದಾಚೆ, ಕಡಲ ತಳದಿಂದ ಸುಮಾರು 600 ಮೀಟರ್ ಎತ್ತರಕ್ಕೆ ಎದ್ದ ಜ್ವಾಲಾಮುಖಿಯ ತುದಿಯೇ ಸಿಪಡಾನ್ ದ್ವೀಪ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಲ್ಲಿ ಮುಳುಗುವವರು ಈ ನೋಟಕ್ಕಾಗಿಯೇ ಬರುತ್ತಾರೆ.

ಹಿಂಡಿಗೆ ನಾಯಕನಿಲ್ಲ. ಪ್ರತಿ ಮೀನೂ ಅಕ್ಕಪಕ್ಕದ ಕೆಲವು ಮೀನುಗಳನ್ನಷ್ಟೇ ಗಮನಿಸಿ ತಿರುಗುತ್ತದೆ. ಕಣ್ಣಿನ ಜೊತೆಗೆ ನೆರವಾಗುವುದು ಮೈಯ ಇಕ್ಕೆಲದಲ್ಲಿರುವ ಪಾರ್ಶ್ವರೇಖೆ. ನೀರಿನ ಅಲುಗಾಟವನ್ನು ಅದು ಗ್ರಹಿಸುತ್ತದೆ. 1976ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಣ್ಣು ಮುಚ್ಚಿದ ಮೀನುಗಳೂ ಹಿಂಡಿನೊಡನೆ ಈಜಿದವು. ಪಾರ್ಶ್ವರೇಖೆಯನ್ನೂ ಕತ್ತರಿಸಿದಾಗ ಮಾತ್ರ ದಾರಿ ತಪ್ಪಿದವು.

ಇಷ್ಟೆಲ್ಲ ಏಕೆ? ಒಂದೇ ತೆರನಾದ ನೂರು ಮೈಗಳ ನಡುವೆ ಯಾವುದನ್ನು ಹಿಡಿಯಬೇಕೆಂದು ಶತ್ರು ಗಲಿಬಿಲಿಗೊಳ್ಳುತ್ತದೆ. ಬರಕುಡ ಸ್ವತಃ ಬೇಟೆಗಾರ. ಆದರೂ ಹಗಲು ಹಿಂಡಿನಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಚದುರಿ ಆಹಾರ ಹುಡುಕುತ್ತದೆ. ಹಲ್ಲಿದ್ದವನಿಗೂ ಭಯ ತಪ್ಪಿದ್ದಲ್ಲ ಎನ್ನಬೇಕು.

ಇದೇ ಸಿಪಡಾನ್‌ನಲ್ಲಿ ಬೆಳಗಿನ ಜಾವ ಇನ್ನೊಂದು ಹಿಂಡು ಮೇಯಲು ಹೊರಡುತ್ತದೆ. ಇವು ಬೋರೆ ಹಣೆಯ ಗಿಳಿಮೀನುಗಳು. ಮೀಟರಿಗೂ ಮಿಕ್ಕಿ ಬೆಳೆಯುವ ಈ ಮೀನು ಕೊಕ್ಕಿನಂಥ ಹಲ್ಲಿನಿಂದ ಹವಳವನ್ನೇ ಕಚ್ಚಿ ಪುಡಿ ಮಾಡುತ್ತದೆ. ದೊಡ್ಡ ಮೀನೊಂದು ವರ್ಷಕ್ಕೆ ಸುಮಾರು 5 ಟನ್ ಹವಳ ತಿಂದು ಮರಳಾಗಿ ಹೊರಹಾಕುತ್ತದೆಂದು ಅಂದಾಜು. ಹಗಲಿನಲ್ಲಿ ಈ ಹಿಂಡು ಎಮ್ಮೆಗಳ ಮಂದೆಯಂತೆ ನಡೆಯುತ್ತದೆ.

ಅಪಾಯವಿರುವುದು ರಾತ್ರಿ. ಬರಕುಡದಂತೆ ಇವು ಚದುರುವುದಿಲ್ಲ. ಆಳವಿಲ್ಲದ ಹವಳದ ದಿಬ್ಬಗಳಲ್ಲಿ ಒಟ್ಟಿಗೇ ಮಲಗುತ್ತವೆ. ಸಾಲೊಮನ್ ದ್ವೀಪಗಳ ಬೆಸ್ತರಿಗೆ ಈ ಗುಟ್ಟು ಹಿಂದಿನಿಂದಲೂ ಗೊತ್ತು. 1970ರ ದಶಕದಲ್ಲಿ ನೀರಿನೊಳಗೆ ಉರಿಯುವ ಟಾರ್ಚ್ ಕೈಗೆ ಬಂದದ್ದೇ ತಡ, ಒಂದೇ ರಾತ್ರಿ ಮಲಗಿದಲ್ಲೇ ಹಲವಾರು ಮೀನುಗಳು ಈಟಿಗೆ ಬಲಿಯಾಗತೊಡಗಿದವು. ಶಾರ್ಕಿನಿಂದ ಉಳಿಸುತ್ತಿದ್ದ ಒಗ್ಗಟ್ಟು ಟಾರ್ಚಿನ ಮುಂದೆ ಕೆಲಸಕ್ಕೆ ಬರಲಿಲ್ಲ. ಬಹುಕಾಲ ಬದುಕುವ, ನಿಧಾನವಾಗಿ ಪ್ರಾಯಕ್ಕೆ ಬರುವ ಮೀನು ಇದು; ಖಾಲಿಯಾದ ಜಾಗ ಬೇಗ ತುಂಬುವುದಿಲ್ಲ. ಅಳಿವಿನ ಭೀತಿಯಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರೂ ಸೇರಿದೆ.

ಸಿಪಡಾನ್‌ನಲ್ಲಿ ಮೀನು ಹಿಡಿಯುವಂತಿಲ್ಲ. 2004ರಲ್ಲಿ ದ್ವೀಪದ ಪ್ರವಾಸಿ ವಸತಿಗಳನ್ನೂ ತೆರವುಗೊಳಿಸಿ, ದಿನಕ್ಕೆ ಇಂತಿಷ್ಟೇ ಮುಳುಗುಗಾರರೆಂಬ ಮಿತಿ ಹೇರಲಾಯಿತು. ನಸುಕಿನಲ್ಲಿ ನೀರಿಗಿಳಿದವರಿಗೆ ಅಲ್ಲಿ ಹಿಂಡು ಕಾಣುವ ಮೊದಲೇ ಹವಳ ಅಗಿಯುವ ಕಟಕಟ ಸದ್ದು ಕೇಳಿಸುತ್ತದೆ.