ಉಪ್ಪಿನಕಾಯಿ ಭರಣಿಯೂ ನಮ್ಮ ಕೋಬಾಲ್ಟೂ



ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕದ ಹಿರಿಯರು "ನಿನ್ನ ಕೆಲಸ ಏನಪ್ಪಾ?" ಎಂದು ಕೇಳಿದರು. "ಒಂದು ಪುಡಿಗೆ ಗಾಳಿ ತಾಗದ ಹಾಗೆ ಕಾಯೋದು ಸಾರ್" ಎಂದೆ. ಜೋರಾಗಿ ನಕ್ಕರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನೈಸರ್ಗಿಕ ಅನಿಲದಿಂದಲೂ ಡೀಸೆಲ್ ಮಾಡಬಹುದು. ಅನಿಲವನ್ನು ಮೊದಲು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಮಿಶ್ರಣವಾಗಿಸಿ, ಸುಮಾರು 200ರಿಂದ 240 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕೋಬಾಲ್ಟ್ ಕ್ಯಾಟಲಿಸ್ಟ್ ಮೇಲೆ ಹಾಯಿಸಬೇಕು. ಈ ವಿಧಾನದ ಮೂಲ, 1920ರ ದಶಕದಲ್ಲಿ ಜರ್ಮನಿಯಲ್ಲಿ ಫ್ರಾಂಜ್ ಫಿಷರ್ ಮತ್ತು ಹಾನ್ಸ್ ಟ್ರಾಪ್ಶ್ ನಡೆಸಿದ ಸಂಶೋಧನೆ. ಕತಾರ್‌ನ ರಾಸ್ ಲಫಾನ್‌ನಲ್ಲಿ ಇದೇ ವಿಧಾನದ ಪರ್ಲ್ ಸ್ಥಾವರವನ್ನು ದಿನಕ್ಕೆ 1,40,000 ಬ್ಯಾರೆಲ್ ಸಾಮರ್ಥ್ಯಕ್ಕೆ ಕಟ್ಟಿದರು. 2011ರಲ್ಲಿ ಅಲ್ಲಿಂದ ಮೊದಲ ಸರಕು ಹೊರಟಿತು.

ಕೋಬಾಲ್ಟ್ ಆಕ್ಸೈಡ್ ರೂಪದಲ್ಲಿದ್ದಾಗ ತಂಟೆಯಿಲ್ಲ. ಹೈಡ್ರೋಜನ್ ಹಾಯಿಸಿ ಲೋಹವಾಗಿಸಿದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಆದರೆ ಆ ಸೂಕ್ಷ್ಮ ಕಣಗಳಿಗೆ ಗಾಳಿ ತಾಗಿದರೆ ತಾನಾಗಿಯೇ ಕಾದು ಕೆಂಡವಾಗಬಹುದು. ಬೆಂಕಿ ಹೊತ್ತದಿದ್ದರೂ ಅದರ ಕಸುವು ಹೋಗುತ್ತದೆ.

ಉಪಾಯ ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ! ಉಪ್ಪಿನಕಾಯಿ ಮುಳುಗುವಷ್ಟು ಎಣ್ಣೆ ಹಾಕುವುದು ಗಾಳಿ ತಾಗದಿರಲೆಂದು ತಾನೇ? ಹಾಗೆಯೇ ಕ್ಯಾಟಲಿಸ್ಟನ್ನು ಕರಗಿದ ಮೇಣದಲ್ಲಿ ಅದ್ದಿ ಗಟ್ಟಿ ಮಾಡುತ್ತಾರೆ. ರಿಯಾಕ್ಟರ್ ಬಿಸಿಗೆ ಮೇಣ ಕರಗಿ ಬಿಟ್ಟುಕೊಳ್ಳುತ್ತದೆ. ಮೇಣವಿಲ್ಲದ ಪುಡಿಯಾದರೆ ಡ್ರಮ್ಮಿನಲ್ಲೂ ಕೊಳವೆಯಲ್ಲೂ ಗಾಳಿ ಓಡಿಸಿ ನೈಟ್ರೋಜನ್ ತುಂಬಬೇಕು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ನನ್ನ ಸ್ಪ್ಯಾನರ್ ಅಂಥ ನೈಟ್ರೋಜನ್ ತುಂಬಿದ ತೊಟ್ಟಿಯೊಳಗೆ ಬಿತ್ತು. ಕೈಗೆಟುಕುವಂತಿತ್ತು. ತಲೆ ಒಳಗೆ ಹಾಕಲು ಬಗ್ಗಿದೆ. ಹಿಂದಿನಿಂದ ಹಿರಿಯ ಸಹೋದ್ಯೋಗಿಯೊಬ್ಬರು ಕಾಲರ್ ಹಿಡಿದು ಎಳೆದರು. "ಸ್ಪ್ಯಾನರ್ ಹೊಸದು ತರಬಹುದು ಮಾರಾಯ" ಎಂದರು. ಅವರ ಕೈ ನಡುಗುತ್ತಿತ್ತು.

ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78 ಭಾಗ ನೈಟ್ರೋಜನ್ನೇ, ಅದು ವಿಷವಲ್ಲ. ಆದರೆ ಆಮ್ಲಜನಕವೇ ಇಲ್ಲದ ಕಡೆ ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಬಹುದು. ವಾಸನೆಯಿಲ್ಲ, ಉಸಿರುಗಟ್ಟಿದ ಅನುಭವವೂ ಆಗುವುದಿಲ್ಲ. ಬಿದ್ದವರನ್ನು ಎತ್ತಲು ಹಾಗೆಯೇ ಇಳಿದವರೂ ಬೀಳುತ್ತಾರೆ.

ನಮ್ಮಲ್ಲಿ ಅನೇಕರು ಸ್ಥಾವರ, ಟ್ಯಾಂಕ್, ಹಡಗುಗಳಲ್ಲಿ ದುಡಿಯುತ್ತೇವೆ. ಆಮ್ಲಜನಕ ಅಳೆಯದೆ, ಅನುಮತಿ ಪತ್ರವಿಲ್ಲದೆ, ಹೊರಗೆ ಕಾವಲಿಗೊಬ್ಬರಿಲ್ಲದೆ ಎಲ್ಲೂ ತಲೆ ಹಾಕಬೇಡಿ. ಸಹೋದರಿಯರೇ, ಇಂದು ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಇದನ್ನೊಮ್ಮೆ ಕೇಳಿ. ಉಪ್ಪಿನಕಾಯಿ ಬಡಿಸುವಾಗ ನೆನಪಾದೀತು.